‘ಮೆಗ್ 2’: ತಪ್ಪು ಅದರ ಹುಚ್ಚಾಟದಲ್ಲಿತ್ತೋ, ಹುಚ್ಚಾಟ ತಡವಾಗಿ ಬಂದದ್ದರಲ್ಲಿತ್ತೋ?

ಕಾಳಿಸಂಗಮ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಕೋಡಿಬಾಗದ ನಮ್ಮ ಮನೆಗೆ ಅಕ್ಕನ ಮಕ್ಕಳಿಬ್ಬರು ಬಂದಿದ್ದರು. ಎರಡು ದಿನಗಳಿಂದ ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ಕಡಲ ಕಡೆಗೆ ಕರೆದುಕೊಂಡು ಹೋಗುವಂತಿರಲಿಲ್ಲವಾದ್ದರಿಂದ ಟಿವಿಯಲ್ಲಿ ‘ಮೆಗ್ 2: ದಿ ಟ್ರೆಂಚ್’ ಹಾಕಿ ಕೂರಿಸಿದೆ. ಈ ಚಿತ್ರವನ್ನು 2023ರ ಆಗಸ್ಟಿನಲ್ಲಿ ನಾನು ರೈಲು ಹತ್ತಿ ಮಡಗಾವಿಗೆ ಹೋಗಿ ದೊಡ್ಡ ಪರದೆಯ ಮೇಲೆ ನೋಡಿದ್ದೆ. ಆಗ ನಡುವೆ ತೂಕಡಿಕೆ ಬಂದದ್ದು ಪ್ರಯಾಣದ ಆಯಾಸದಿಂದ ಎಂದು ನಂಬಿಕೊಂಡಿದ್ದೆ.

ಈ ಸಲ ಹುಡುಗರನ್ನೇ ಗಮನಿಸುತ್ತ ಕುಳಿತೆ. ಮೊದಲ ದೃಶ್ಯದಲ್ಲಿ ಡೈನೋಸಾರನ್ನು ನೀರಿನಿಂದ ಎದ್ದುಬಂದ ದೈತ್ಯ ಶಾರ್ಕ್ ಎಳೆದುಕೊಂಡು ಹೋದಾಗ ಇಬ್ಬರೂ ಕಿರುಚಿದರು. ಆಮೇಲೆ ನಾಯಕ ಜೇಸನ್ ಸ್ಟೇಥಮ್ ಮತ್ತು ಸಂಗಡಿಗರು ಕಡಲಾಳದ ಕಂದರಕ್ಕೆ ಇಳಿದರು, ಅಲ್ಲಿ ಕಳ್ಳ ಗಣಿಗಾರಿಕೆ ಮಾಡುವವರು ಸಿಕ್ಕರು, ಕತ್ತಲೆ, ಕೊಳವೆ, ಕೆಂಪು ದೀಪ, ಮಾತು. ನಲವತ್ತನೆಯ ನಿಮಿಷದ ಹೊತ್ತಿಗೆ ಎಂಟು ವರ್ಷದ ಕಿರಿಯವನು ಗೋಡೆಯ ಮೇಲಿನ ಹಲ್ಲಿಗಳನ್ನು ಎಣಿಸತೊಡಗಿದ್ದ. ಹನ್ನೊಂದು ವರ್ಷದ ಹಿರಿಯವನು ಒಳಗೆ ಹೋಗಿ ಚಕ್ಕುಲಿಯ ಡಬ್ಬವನ್ನು ಹುಡುಕುತ್ತಿದ್ದ. ಕೊನೆಯಲ್ಲಿ ಒಂದು ಪ್ರವಾಸಿ ದ್ವೀಪಕ್ಕೆ ಮೂರು ಶಾರ್ಕುಗಳೂ ಒಂದು ದೈತ್ಯ ಆಕ್ಟೋಪಸ್ಸೂ ಒಟ್ಟಿಗೆ ನುಗ್ಗಿದ ಮೇಲೆ ಮಾತ್ರ ಇಬ್ಬರೂ ಓಡಿಬಂದು ಸೋಫಾದ ಮೇಲೆ ನಿಂತರು.

ಅಂದು ರಾತ್ರಿ ಹಳೆಯ ವಿಮರ್ಶೆಗಳನ್ನೆಲ್ಲ ತೆಗೆದು ಓದಿದೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನ ಲೆಕ್ಕದಲ್ಲಿ ವಿಮರ್ಶಕರ ಮೆಚ್ಚುಗೆ ಶೇಕಡಾ 30ಕ್ಕಿಂತ ಕಡಿಮೆ, ಪ್ರೇಕ್ಷಕರದು 70ರ ಆಸುಪಾಸು. 2018ರ ಮೊದಲ ಭಾಗಕ್ಕೂ ವಿಮರ್ಶಕರು 50 ದಾಟಿಸಿರಲಿಲ್ಲ. ಹೀಗಿರುವಾಗ ನನ್ನ ಪ್ರಶ್ನೆ ಇಷ್ಟೇ: ಇದು ತಮಾಷೆಗೆಂದೇ ಮಾಡಿದ ಹುಚ್ಚು ಚಿತ್ರವೆಂದು ಎಲ್ಲರಿಗೂ ಗೊತ್ತಿದ್ದ ಮೇಲೆ, ಅದನ್ನು ಹುಚ್ಚು ಎಂದು ಬೈಯುವುದು ನ್ಯಾಯವೇ? ಅಥವಾ ಅವರು ಬೈದದ್ದು ಬೇರೆ ಯಾವುದಕ್ಕೋ?

ಗಂಗಾವಳಿದಡ, ಅಂಕೋಲಾ

ಎಂಟು ವರ್ಷದವನು ಹಲ್ಲಿ ಎಣಿಸಲು ಹೋದದ್ದೇ ಈ ಚಿತ್ರದ ಬಗ್ಗೆ ಬಂದ ಅತ್ಯಂತ ನಿಖರವಾದ ವಿಮರ್ಶೆ. ಉಳಿದವರು ಅದನ್ನೇ ಎಂಟುನೂರು ಪದಗಳಲ್ಲಿ ಬರೆದರು.

ಬನವಾಸಿರಸ್ತೆ, ಶಿರಸಿ

ಮೊದಲು ಆ ಶೇಕಡಾವಾರು ಲೆಕ್ಕವನ್ನು ಸರಿಪಡಿಸೋಣ. ಅದು ಚಿತ್ರಕ್ಕೆ ನೂರಕ್ಕೆ ಇಷ್ಟು ಅಂಕ ಬಂದಿತೆಂಬ ಲೆಕ್ಕವಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಮಂದಿ ಒಟ್ಟಾರೆ ಒಳ್ಳೆಯ ಮಾತು ಬರೆದರು ಎಂಬ ಲೆಕ್ಕ. ಹತ್ತರಲ್ಲಿ ಆರು ಅಂಕ ಕೊಟ್ಟು ‘ಪರವಾಗಿಲ್ಲ, ನೋಡಬಹುದು’ ಎಂದವನೂ ಅಲ್ಲಿ ಒಂದು ಮತ, ಹತ್ತಕ್ಕೆ ಹತ್ತು ಕೊಟ್ಟವನೂ ಒಂದೇ ಮತ. 60 ಮುಟ್ಟಿದರೆ ತಾಜಾ, ಮುಟ್ಟದಿದ್ದರೆ ಕೊಳೆತದ್ದು. ಈ ಜಾತಿಯ ಚಿತ್ರವನ್ನು ಹೆಚ್ಚಿನವರು ‘ಅರ್ಧ ಚೆನ್ನಾಗಿದೆ, ಅರ್ಧ ಇಲ್ಲ’ ಎಂದು ನಡುವಿನಲ್ಲಿ ನಿಲ್ಲಿಸುತ್ತಾರೆ. ಆ ನಡುವಿನ ಅಭಿಪ್ರಾಯ ಸ್ವಲ್ಪ ಆಚೆ ಸರಿದರೆ 70, ಸ್ವಲ್ಪ ಈಚೆ ಸರಿದರೆ 25.

ಇನ್ನು ನ್ಯಾಯದ ಮಾತು. ನಮ್ಮಲ್ಲಿ ಅಡಿಕೆಯ ವ್ಯಾಪಾರಕ್ಕೆ ಹೋದವರಿಗೆ ಗೊತ್ತಿರುತ್ತದೆ: ರಾಶಿ ಅಡಿಕೆಯನ್ನು ರಾಶಿಯ ಜೊತೆಗೆ, ಚಾಲಿಯನ್ನು ಚಾಲಿಯ ಜೊತೆಗೆ ಇಟ್ಟು ನೋಡುತ್ತಾರೆ. ಕೆಳದರ್ಜೆಯ ಬಿಳಿಗೋಟಿನ ಚೀಲವನ್ನು ಬಿಚ್ಚಿ ‘ಇದು ಒಳ್ಳೆಯ ಚಾಲಿಯಂತಿಲ್ಲವಲ್ಲ’ ಎಂದು ಯಾರೂ ಮೂಗು ಮುರಿಯುವುದಿಲ್ಲ. ಬಿಳಿಗೋಟಿಗೆ ಬಿಳಿಗೋಟಿನದೇ ದರ. ವಿಮರ್ಶಕರು ದೈತ್ಯ ಶಾರ್ಕಿನ ಚಿತ್ರವನ್ನು ಪ್ರಶಸ್ತಿಗೆ ಹೋಗುವ ಚಿತ್ರಗಳ ಪಕ್ಕದಲ್ಲಿಟ್ಟು ತೂಗಿದರು ಎಂಬುದು ನನ್ನ ತಕರಾರು. ಅದರಲ್ಲೂ ಅದು ತೆರೆಗೆ ಬಂದದ್ದು ‘ಬಾರ್ಬಿ’ ಮತ್ತು ‘ಓಪನ್‌ಹೈಮರ್’ ಬಂದ ಎರಡೇ ವಾರಗಳ ಬಳಿಕ.

ಸೋಂದಾಕೆರೆ, ಶಿರಸಿ

ಹೋಲಿಕೆ ಚೆನ್ನಾಗಿದೆ, ಆದರೆ ಆರೋಪ ನಿಲ್ಲುವುದಿಲ್ಲ. ಜಾತಿಗೆ ತಕ್ಕಂತೆ ದರ ಕಟ್ಟಬೇಕೆಂಬುದನ್ನು ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಬಹಳ ಹಿಂದೆಯೇ ಹೇಳಿದ್ದರು. ತಾನು ಕೊಡುವ ನಕ್ಷತ್ರಗಳು ಸಾಪೇಕ್ಷವೆಂದೂ, ಒಂದು ಚಿತ್ರವನ್ನು ಅದರ ಓರಗೆಯ ಚಿತ್ರಗಳ ಜೊತೆಗೇ ಹೋಲಿಸುತ್ತೇನೆಂದೂ ಅವರು ವಿವರಿಸಿದ್ದರು. ಅದೇ ಈಬರ್ಟ್ 1997ರ ಹೆಬ್ಬಾವಿನ ಚಿತ್ರ ‘ಅನಕೊಂಡ’ಕ್ಕೆ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟರು, 1987ರ ಶಾರ್ಕಿನ ಚಿತ್ರ ‘ಜಾಸ್: ದಿ ರಿವೆಂಜ್’ಗೆ ಒಂದನ್ನೂ ಕೊಡಲಿಲ್ಲ. ಎರಡೂ ಬಿಳಿಗೋಟೇ ಅಲ್ಲವೇ? ಹಾಗಾದರೆ ವಿಮರ್ಶಕರಿಗೆ ಬಿಳಿಗೋಟು ಅರ್ಥವಾಗುವುದಿಲ್ಲ ಎನ್ನುವಂತಿಲ್ಲ. ಈ ಚೀಲದಲ್ಲಿ ಮೇಲಿನ ಒಂದು ಪದರ ಬಿಟ್ಟರೆ ಕೆಳಗೆಲ್ಲ ಹೊಟ್ಟು ಇತ್ತೆಂಬುದೇ ಅವರ ದೂರು.

‘ಮೆಗ್ 2’ರ ವಿಮರ್ಶೆಗಳನ್ನು ಸಾಲಾಗಿ ಓದಿದರೆ ‘ತುಂಬಾ ಹುಚ್ಚು’ ಎಂಬ ದೂರಿಗಿಂತ ‘ಸಾಕಷ್ಟು ಹುಚ್ಚಿಲ್ಲ’ ಎಂಬ ದೂರೇ ಹೆಚ್ಚು ಕಾಣುತ್ತದೆ. 116 ನಿಮಿಷಗಳ ಚಿತ್ರದಲ್ಲಿ ಎಲ್ಲರೂ ಮೆಚ್ಚಿದ್ದು ಕೊನೆಯ ಮೂರನೆಯ ಒಂದು ಭಾಗವನ್ನು. ಅದಕ್ಕೂ ಮುಂಚಿನ ಭಾಗ ಗಂಭೀರವಾದ ಕಡಲಾಳದ ಸಾಹಸಚಿತ್ರದಂತೆ ಮುಖ ಬಿಗಿದುಕೊಂಡು ನಡೆಯುತ್ತದೆ, ಆದರೆ ಗಂಭೀರ ಚಿತ್ರಕ್ಕೆ ಬೇಕಾದ ಪಾತ್ರಗಳು ಅಲ್ಲಿಲ್ಲ. ಕಾಳಿಸಂಗಮದವರ ಅಳಿಯಂದಿರು ಹೇಳಿದ್ದೂ ಇದನ್ನೇ.

ಕಾಳಿಸಂಗಮ, ಕಾರವಾರ

ಅಳಿಯಂದಿರು ಹೇಳಲಿಲ್ಲ, ಚಕ್ಕುಲಿ ತಿಂದರು.

ನೇತ್ರಾಣಿ, ಮುರ್ಡೇಶ್ವರ

ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವಳು, ಆದ್ದರಿಂದ ಕೆಲವು ತಪ್ಪುಗಳನ್ನು ಹೇಳದೆ ಇರಲಾರೆ. ಮೊದಲ ದೃಶ್ಯದಲ್ಲಿ ಶಾರ್ಕ್ ಹಿಡಿಯುವ ಟಿ. ರೆಕ್ಸ್ ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಚಿತ್ರದ ‘ಮೆಗ್’, ಅಂದರೆ ಮೆಗಲೊಡಾನ್ ಎಂಬ ದೈತ್ಯ ಶಾರ್ಕ್, ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು ಎರಡು ಕೋಟಿ ವರ್ಷಗಳ ಹಿಂದೆ, ಅಳಿದದ್ದು ಸುಮಾರು 36 ಲಕ್ಷ ವರ್ಷಗಳ ಹಿಂದೆ. ಇವೆರಡೂ ಒಂದನ್ನೊಂದು ನೋಡುವ ಸಾಧ್ಯತೆಯೇ ಇರಲಿಲ್ಲ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಇಡೀ ದೇಹ ಕಲ್ಲಾಗಿ ಉಳಿಯುವುದು ಅಪರೂಪ. ನಮಗೆ ಸಿಕ್ಕಿರುವುದು ಮುಖ್ಯವಾಗಿ ಹಲ್ಲುಗಳು ಮತ್ತು ಕೆಲವು ಬೆನ್ನುಮೂಳೆಯ ಮಣಿಗಳು. ಅದರ ಉದ್ದವೆಲ್ಲ ಅವುಗಳಿಂದ ಮಾಡಿದ ಅಂದಾಜು.

ಇನ್ನು ನಾಯಕ ಸುಮಾರು 25,000 ಅಡಿ ಆಳದಲ್ಲಿ ರಕ್ಷಾಕವಚವಿಲ್ಲದೆ ಈಜಿಕೊಂಡು ಹೋಗುವ ದೃಶ್ಯ. ಅದು ಸುಮಾರು 7,600 ಮೀಟರ್. ಹತ್ತು ಮೀಟರಿಗೆ ಒಂದು ವಾಯುಭಾರದಂತೆ ಲೆಕ್ಕ ಹಾಕಿದರೆ 760 ಪಟ್ಟು ಒತ್ತಡ. ಮೂಗಿನ ಸೈನಸ್ಸುಗಳಲ್ಲಿ ನೀರು ತುಂಬಿಕೊಂಡರೆ ಸಾಕು ಎಂದು ಚಿತ್ರ ನಮ್ಮನ್ನು ನಂಬಿಸುತ್ತದೆ. ಎದೆಗೂಡಿನ ಕಥೆಯನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳುತ್ತೇನೆ: ನಾನು ಅತಿ ಹೆಚ್ಚು ಖುಷಿಪಟ್ಟದ್ದು ಈ ಎರಡು ದೃಶ್ಯಗಳಲ್ಲಿಯೇ. ಬೇಸರ ಬಂದದ್ದು ವಿಜ್ಞಾನ ಸರಿಯಾಗಿದ್ದ ಕಡೆಗಳಲ್ಲಿ.

ಬಿಡಕಿಬಯಲು, ಶಿರಸಿ

ನೇತ್ರಾಣಿಯವರ ಕೊನೆಯ ವಾಕ್ಯಕ್ಕೆ ನನ್ನದೊಂದು ನಮಸ್ಕಾರ.

ಶರಾವತಿಕೊಳ್ಳ, ಹೊನ್ನಾವರ

ಎಲ್ಲರೂ ‘ತಡವಾಯಿತು, ತಡವಾಯಿತು’ ಎನ್ನುತ್ತಿದ್ದೀರಿ. ತಡ ಮಾಡುವುದೇ ಈ ಕಲೆಯ ಜೀವ ಅಲ್ಲವೇ, ಮಾರಾಯರೇ? ರಾತ್ರಿ ಎರಡು ಗಂಟೆಗೆ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವುದನ್ನು ನೆನಪು ಮಾಡಿಕೊಳ್ಳಿ. ಚಂಡೆಯವನು ಕೈ ಏರಿಸುತ್ತಾನೆ, ಇಬ್ಬರು ಬಂದು ಅಡ್ಡ ತೆರೆ ಹಿಡಿಯುತ್ತಾರೆ, ತೆರೆಯ ಮೇಲೆ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ. ಆಮೇಲೆ ತೆರೆಯ ಅಂಚನ್ನು ಹಿಡಿದ ಹತ್ತು ಬೆರಳುಗಳು. ಆಮೇಲೆ ಬೊಬ್ಬೆ. ಆಮೇಲೆ ತೆರೆ ಸ್ವಲ್ಪ ಜಾರಿ ಕಣ್ಣು. ಮುಂದಿನ ಸಾಲಿನಲ್ಲಿ ಮಲಗಿದ್ದ ಮಕ್ಕಳು ಅಷ್ಟು ಹೊತ್ತಿಗೆ ಎದ್ದು ಅಮ್ಮಂದಿರ ಸೆರಗಿನ ಹಿಂದೆ ಸೇರಿರುತ್ತಾರೆ. ಮುಖ ಪೂರ್ತಿ ಕಾಣುವುದಕ್ಕೆ ಕಾಲು ಗಂಟೆ ಹಿಡಿದರೂ ಯಾರೂ ‘ತಡವಾಯಿತು’ ಎಂದು ಎದ್ದುಹೋಗುವುದಿಲ್ಲ.

1975ರ ‘ಜಾಸ್’ ಚಿತ್ರದಲ್ಲಿಯೂ ಒಂದು ಗಂಟೆ ಕಳೆದ ಮೇಲೆಯೇ ಶಾರ್ಕ್ ಸರಿಯಾಗಿ ಮುಖ ತೋರಿಸುವುದು. ಉಪ್ಪುನೀರಿನಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟುಹೋದದ್ದೇ ಅದಕ್ಕೆ ಒಂದು ಕಾರಣ ಎಂಬ ಕಥೆ ಎಲ್ಲರಿಗೂ ಗೊತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ಅನಿವಾರ್ಯವನ್ನೇ ಗುಣವನ್ನಾಗಿ ಮಾಡಿಕೊಂಡರು. ಆ ತಡಕ್ಕೆ ಚಪ್ಪಾಳೆ, ಈ ತಡಕ್ಕೆ ಬೈಗುಳ ಎಂದರೆ ಹೇಗೆ?

ಕಾಳಿಸಂಗಮ, ಕಾರವಾರ

ಶರಾವತಿಕೊಳ್ಳದವರೇ, ನಿಮ್ಮ ಉದಾಹರಣೆಯಲ್ಲಿಯೇ ಉತ್ತರ ಇದೆ. ತೆರೆಯ ಹಿಂದೆ ಇರುವುದು ಬಣ್ಣದ ವೇಷ ಎಂದು ಎಲ್ಲರಿಗೂ ಪ್ರತಿ ಕ್ಷಣವೂ ಗೊತ್ತಿರುತ್ತದೆ. ಕಿರೀಟ, ಬೆರಳು, ಬೊಬ್ಬೆ, ಎಲ್ಲವೂ ಅದರದೇ. ಆ ಕಾಲು ಗಂಟೆಯಲ್ಲಿ ತೆರೆಯ ಹಿಂದೆ ಬೇರೆ ಯಾರೋ ನಿಂತು ಜಮೀನಿನ ವ್ಯಾಜ್ಯ ಮಾತನಾಡುವುದಿಲ್ಲ. ‘ಮೆಗ್ 2’ರಲ್ಲಿ ಆಗಿರುವುದು ಅದೇ. ಶಾರ್ಕ್ ಬರಲಿದೆ ಎಂಬ ಭಯದಲ್ಲಿ ನಾವು ಕಾಯುವುದಿಲ್ಲ, ಗಣಿಗಾರಿಕೆಯ ಖಳರ ಪಿತೂರಿ ಮುಗಿಯಲಿ ಎಂದು ಕಾಯುತ್ತೇವೆ. ‘ಜಾಸ್’ನಲ್ಲಿ ನೀರು ಕಂಡರೆ ಸಾಕು, ಶಾರ್ಕ್ ಇದ್ದಂತೆಯೇ.

ಶರಾವತಿಕೊಳ್ಳ, ಹೊನ್ನಾವರ

ಜಮೀನಿನ ವ್ಯಾಜ್ಯದ ಮಾತಿಗೆ ಸೋತೆ. ಆದರೆ ಪೂರ್ತಿ ಸೋತಿಲ್ಲ, ಇನ್ನೊಮ್ಮೆ ಬರುತ್ತೇನೆ.

ಕಡಲಹುಡಿ, ಬೈತಖೋಲ

ನಾನು ಓದುವವನೇ ಹೊರತು ಬರೆಯುವವನಲ್ಲ, ಆದರೆ ಇಲ್ಲಿ ಒಂದು ಮಾತು ಸೇರಿಸಬೇಕೆನಿಸಿತು. ನಮ್ಮದು ಮೀನುಗಾರರ ಮನೆ. ಶಾರ್ಕಿಗೆ ನಮ್ಮ ಕಡೆ ಕೊಂಕಣಿಯಲ್ಲಿ ಮೋರಿ ಎನ್ನುತ್ತಾರೆ. ಚಿಕ್ಕ ಮೋರಿಯ ಸಾರು ನಮ್ಮ ಮನೆಯಲ್ಲಿ ಭಯದ ವಿಷಯವಲ್ಲ, ಊಟದ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿರುವುದರಿಂದ ಆಗ ಮಾತ್ರ ಅಪ್ಪ ಬಿಡುವಾಗಿ ಟಿವಿಯ ಮುಂದೆ ಕೂರುವುದು. ಈ ಚಿತ್ರವನ್ನು ಹಿಂದಿಯಲ್ಲಿ ಹಾಕಿಕೊಂಡು ನಾವಿಬ್ಬರೂ ನೋಡಿದೆವು. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಆದ್ದರಿಂದ ಮಾತಿನ ಕಡೆ ಗಮನವೇ ಇಲ್ಲ, ಕಣ್ಣು ಪೂರ್ತಿ ನೀರಿನ ಮೇಲೆ.

ಅಷ್ಟು ದೊಡ್ಡ ಶಾರ್ಕ್ ಇರಲಾರದು ಎಂದು ಅಪ್ಪ ಒಮ್ಮೆಯೂ ಹೇಳಲಿಲ್ಲ. ಆಕ್ಟೋಪಸ್ಸು ಹೆಲಿಕಾಪ್ಟರನ್ನು ಹಿಡಿಯಹೋದಾಗ ಚೆನ್ನಾಗಿ ನಕ್ಕರು. ನಾಯಕನು ಜೆಟ್ ಸ್ಕೀ ಏರಿ, ಸಿಡಿಯುವ ತುದಿಯ ಈಟಿಗಳನ್ನು ಹಿಡಿದು ಶಾರ್ಕಿನ ಬೆನ್ನುಹತ್ತಿದಾಗ ಮಾತ್ರ ನಗು ನಿಂತಿತು. ‘ಈಟಿಗೆ ಹಗ್ಗ ಎಲ್ಲಿದೆಯೋ?’ ಎಂದರು. ಅದು ಸಿಡಿಯುವ ಈಟಿ ಅಪ್ಪಾ, ಹಗ್ಗ ಬೇಡ ಎಂದೆ. ‘ಹಗ್ಗ ಇಲ್ಲದಿದ್ದರೆ ಮೀನಿಗೂ ಅವನಿಗೂ ಏನು ಸಂಬಂಧ?’ ಎಂದು ಹೇಳಿ ಎದ್ದು ಬಲೆಯ ಕಡೆಗೆ ಹೋದರು. ಹರಿದ ಕಣ್ಣುಗಳಿಗೆ ನೂಲು ಹಾಕುತ್ತ ಕುಳಿತವರು ಮತ್ತೆ ಬರಲಿಲ್ಲ. ಶಾರ್ಕನ್ನು ಹೆಲಿಕಾಪ್ಟರಿನ ಮುರಿದ ರೆಕ್ಕೆಯಿಂದ ಇರಿಯುವ ದೃಶ್ಯವನ್ನು ಅವರು ನೋಡಲೇ ಇಲ್ಲ.

ವಿಮರ್ಶಕರ ಮಾತು ನನಗೆ ಗೊತ್ತಿಲ್ಲ. ನಮ್ಮ ಅಪ್ಪ ಸುಳ್ಳಿಗೆ ಎದ್ದುಹೋದವರಲ್ಲ ಎಂಬುದು ಮಾತ್ರ ಖಚಿತ.

ಗಂಗಾವಳಿದಡ, ಅಂಕೋಲಾ

‘ಮೀನಿಗೂ ಅವನಿಗೂ ಏನು ಸಂಬಂಧ?’ ನಾನು ಮೇಲೆ ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಅತ್ಯಂತ ನಿಖರವಾದ ವಿಮರ್ಶೆ ಹಲ್ಲಿ ಎಣಿಸಿದವನದಲ್ಲ, ಬಲೆ ಹೆಣೆದವರದು.

ಸೋಂದಾಕೆರೆ, ಶಿರಸಿ

ಚರ್ಚೆ ಒಳ್ಳೆಯ ಜಾಗಕ್ಕೆ ಬಂದಿರುವುದರಿಂದ ಒಂದು ಪರಿಭಾಷೆಯ ಮಾತನ್ನು ಇಡುತ್ತೇನೆ. ಇಂಥ ಚಿತ್ರಗಳ ಬಗ್ಗೆ ಬರೆಯುವವರು ‘ಕ್ಯಾಂಪ್’ ಎಂಬ ಶಬ್ದವನ್ನು ಧಾರಾಳವಾಗಿ ಬಳಸುತ್ತಾರೆ. ಅದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ಹುಡುಕುವುದು ಕಷ್ಟ. ಅಬ್ಬರ, ಆಡಂಬರ, ಅತಿರೇಕ ಇವೆಲ್ಲ ಸೇರಿ, ಜೊತೆಗೆ ಅದನ್ನು ಸವಿಯುವವನ ತುಂಟತನವೂ ಸೇರಿದರೆ ಹತ್ತಿರ ಬರಬಹುದು. 1964ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಇದರ ಬಗ್ಗೆ 58 ಟಿಪ್ಪಣಿಗಳ ಒಂದು ಪ್ರಬಂಧವನ್ನು ಬರೆದರು. ಅದರಲ್ಲಿ ಅವರು ಎರಡು ಬಗೆಯ ಕ್ಯಾಂಪನ್ನು ಬೇರ್ಪಡಿಸುತ್ತಾರೆ: ಮಾಡುವವನಿಗೆ ಗೊತ್ತಿಲ್ಲದೆ, ಪೂರ್ತಿ ಗಂಭೀರವಾಗಿ ಹೊರಟು ಎಡವಿದ್ದರಿಂದ ಹುಟ್ಟುವುದು ಒಂದು, ‘ನೋಡಿ, ನಾನು ಹುಚ್ಚಾಟ ಆಡುತ್ತಿದ್ದೇನೆ’ ಎಂದು ತಿಳಿದೇ ಮಾಡುವುದು ಇನ್ನೊಂದು. ಮೊದಲನೆಯದೇ ಶುದ್ಧವಾದದ್ದು, ಎರಡನೆಯದು ಸಾಮಾನ್ಯವಾಗಿ ಅಷ್ಟು ರುಚಿಸುವುದಿಲ್ಲ ಎಂಬುದು ಅವರ ನಿಲುವು.

‘ಜಾಸ್: ದಿ ರಿವೆಂಜ್’ ಮೊದಲನೆಯ ಬಗೆಯದು. ಅದರಲ್ಲಿ ಶಾರ್ಕ್ ಒಂದು ಕುಟುಂಬದ ಮೇಲೆ ಹಗೆ ಸಾಧಿಸಲು ಹೊರಟು ಬಹಾಮಾಸ್ ತನಕ ಬರುತ್ತದೆ, ಕೊನೆಗೆ ನೀರಿನಿಂದ ಮೇಲೆದ್ದು ಸಿಂಹದಂತೆ ಗರ್ಜಿಸುತ್ತದೆ. ಮಾಡಿದವರು ಯಾರೂ ಅದನ್ನು ಹಾಸ್ಯವೆಂದು ಮಾಡಲಿಲ್ಲ. ನಟ ಮೈಕೇಲ್ ಕೇನ್ ಅದರ ಚಿತ್ರೀಕರಣದಲ್ಲಿ ಇದ್ದುದರಿಂದಲೇ ತಮ್ಮ ಆಸ್ಕರ್ ಪ್ರಶಸ್ತಿಯನ್ನು ತೆಗೆದುಕೊಳ್ಳಲು ಸಮಾರಂಭಕ್ಕೆ ಹೋಗಲಾಗಲಿಲ್ಲ. ಆ ಚಿತ್ರವನ್ನು ತಾನು ನೋಡಿಲ್ಲ, ಆದರೆ ಅದರ ದುಡ್ಡಿನಲ್ಲಿ ಕಟ್ಟಿದ ಮನೆಯನ್ನು ನೋಡಿದ್ದೇನೆ, ಅದು ಭವ್ಯವಾಗಿದೆ ಎಂಬರ್ಥದ ಮಾತನ್ನೂ ಅವರು ಆಡಿದ್ದಾರೆ. ಅಂದು ಎಲ್ಲರೂ ಉಗಿದ ಆ ಚಿತ್ರವನ್ನು ಇಂದು ಗೆಳೆಯರ ಗುಂಪು ಸೇರಿ ಪ್ರೀತಿಯಿಂದ ನೋಡುತ್ತದೆ.

ಎರಡನೆಯ ಬಗೆಗೆ 2013ರಲ್ಲಿ ಟಿವಿಗೆಂದೇ ಮಾಡಿದ ‘ಶಾರ್ಕ್‌ನೇಡೋ’ ಮತ್ತು ಅದರ ಸಂತಾನವೇ ಸಾಕ್ಷಿ. ಸುಂಟರಗಾಳಿಯಲ್ಲಿ ಶಾರ್ಕುಗಳು ಹಾರಿಬರುವ ಕಲ್ಪನೆ ಮೊದಲ ಸಲ ನಗಿಸಿತು, ಮರುವರ್ಷ ನ್ಯೂಯಾರ್ಕಿಗೆ ಬಂದಾಗಲೂ ನಗಿಸಿತು. 2018ರಲ್ಲಿ ಆರನೆಯದು ಬರುವ ಹೊತ್ತಿಗೆ ಅದು ತಾನೇ ಹೇಳಿದ ಜೋಕಿಗೆ ತಾನೇ ಚಪ್ಪಾಳೆ ತಟ್ಟುವವನಂತಾಗಿತ್ತು. ‘ಮೆಗ್ 2’ರ ಕಷ್ಟವೆಂದರೆ, ಅದು ಮೊದಲ ಒಂದು ಗಂಟೆ ಮೊದಲನೆಯ ಬಗೆಯದಾಗಿದ್ದು, ಕೊನೆಯಲ್ಲಿ ಎರಡನೆಯ ಬಗೆಗೆ ಹಾರುತ್ತದೆ.

ಬನವಾಸಿರಸ್ತೆ, ಶಿರಸಿ

ಸೋಂದಾದವರು ಬಂದರೆಂದರೆ ಪ್ರಬಂಧವೂ ಬಂತೆಂದೇ ಅರ್ಥ. ಆದರೆ ‘ಗೊತ್ತಿಲ್ಲದೆ ಮಾಡಿದ್ದೇ ಶುದ್ಧ’ ಎನ್ನುವುದು ನನಗೆ ಅನುಮಾನ. ಗೊತ್ತಿದ್ದೂ ಚೆನ್ನಾಗಿ ಮಾಡಿದವರಿದ್ದಾರೆ. 1990ರ ‘ಗ್ರೆಮ್ಲಿನ್ಸ್ 2’ ನೋಡಿ. ಮೊದಲ ಭಾಗವನ್ನು ಟೀಕಿಸಿದ್ದ ವಿಮರ್ಶಕ ಲಿಯೊನಾರ್ಡ್ ಮಾಲ್ಟಿನ್ ಅವರನ್ನೇ ನಿರ್ದೇಶಕ ಜೋ ಡಾಂಟೆ ಎರಡನೆಯದಕ್ಕೆ ಕರೆತಂದರು. ಅವರು ಪರದೆಯ ಮೇಲೆ ಮೊದಲ ಭಾಗವನ್ನು ಬೈಯುತ್ತಿರುವಾಗಲೇ ಪುಟ್ಟ ರಾಕ್ಷಸರು ಹಿಂದಿನಿಂದ ಬಂದು ಕುತ್ತಿಗೆ ಹಿಡಿಯುತ್ತಾರೆ. ಇದಕ್ಕಿಂತ ಗೊತ್ತಿದ್ದು ಮಾಡಿದ ಹುಚ್ಚಾಟ ಇನ್ನೇನಿದೆ? ವಿಮರ್ಶಕರು ಅದನ್ನು ಮೆಚ್ಚಿಕೊಂಡರು. ಜನ ಮಾತ್ರ ಬರಲಿಲ್ಲ; ಗಳಿಕೆ ಮೊದಲನೆಯದರ ಹತ್ತಿರಕ್ಕೂ ಹೋಗಲಿಲ್ಲ.

ಅಂದರೆ ‘ಮೆಗ್ 2’ಕ್ಕೆ ಆದದ್ದರ ತದ್ವಿರುದ್ಧ. ಇದನ್ನು ವಿಮರ್ಶಕರು ಬೈದರು, ಪ್ರಪಂಚದಾದ್ಯಂತ 39 ಕೋಟಿ ಡಾಲರಿಗೂ ಹೆಚ್ಚು ಬಂತು. ಚೀನಾದ ಕಂಪನಿಯೊಂದು ನಿರ್ಮಾಣದಲ್ಲಿ ಪಾಲುದಾರ, ಚಿತ್ರದಲ್ಲಿ ನಟಿಸಿರುವ ವು ಜಿಂಗ್ ಅಲ್ಲಿನ ದೊಡ್ಡ ನಟ, ಆದ್ದರಿಂದ ಆ ಕಡೆಯಿಂದಲೂ ದೊಡ್ಡ ಮೊತ್ತ ಸೇರಿತು.

ನೇತ್ರಾಣಿ, ಮುರ್ಡೇಶ್ವರ

ಮೊದಲ ಭಾಗ ಸುಮಾರು 53 ಕೋಟಿ ಡಾಲರ್ ಗಳಿಸಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ನಾಲ್ಕರಲ್ಲಿ ಒಂದು ಪಾಲು ಜನ ಮರಳಿ ಬರಲಿಲ್ಲ. ಅವರೆಲ್ಲ ವಿಮರ್ಶೆ ಓದಿ ಮನೆಯಲ್ಲಿ ಉಳಿದವರೆಂದು ನನಗೆ ಅನಿಸುವುದಿಲ್ಲ, ಹಾಗೆಂದು ವಿಮರ್ಶೆಗೂ ಜನರಿಗೂ ಸಂಬಂಧವೇ ಇಲ್ಲ ಎನ್ನುವುದಕ್ಕೂ ಈ ಲೆಕ್ಕ ಸಾಕ್ಷಿಯಾಗದು.

ಬಿಡಕಿಬಯಲು, ಶಿರಸಿ

ಗೊತ್ತಿದ್ದು ಮಾಡುವುದು, ಗೊತ್ತಿಲ್ಲದೆ ಮಾಡುವುದು ಎಂಬ ಈ ಚರ್ಚೆ ಓದಿದಾಗ ನನಗೆ ನೆನಪಾದದ್ದು ನಮ್ಮ ಬೇಡರ ವೇಷ. ಹೊರ ಊರಿನವರಿಗಾಗಿ ಹೇಳುತ್ತೇನೆ: ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿನ ರಾತ್ರಿಗಳಲ್ಲಿ ಬೇಡನ ವೇಷ ಹಾಕಿ ಬೀದಿಯಲ್ಲಿ ಕುಣಿಯುತ್ತಾರೆ. ಬೆನ್ನಿಗೆ ನವಿಲುಗರಿಯ ದೊಡ್ಡ ಹರವು, ಕೆಂಪು ಬಣ್ಣದ ಮುಖ, ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ಬೇಡನ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಜನ ಎಳೆದು ಹಿಡಿದಿರುತ್ತಾರೆ, ಇಲ್ಲದಿದ್ದರೆ ಅವನು ಗುಂಪಿನ ಮೇಲೆ ನುಗ್ಗಿಬಿಡುತ್ತಾನೆಂಬಂತೆ.

ಒಂದು ವರ್ಷ ವೇಷ ಹಾಕಿದವನು ನಮ್ಮ ಬೀದಿಯವನೇ. ಸಂಜೆ ಬಣ್ಣ ಹಚ್ಚಿಸಿಕೊಳ್ಳುವಾಗ ನನ್ನ ತಮ್ಮ ಅವನ ಪಕ್ಕದಲ್ಲಿಯೇ ಕುಳಿತು, ಮೀಸೆ ಅಂಟಿಸುವುದನ್ನು ನೋಡಿ, ಅವನಿಗೆ ಚಹಾವನ್ನೂ ತಂದುಕೊಟ್ಟಿದ್ದ. ರಾತ್ರಿ ತಮಟೆಯ ಸದ್ದಿಗೆ ಅದೇ ಮನುಷ್ಯ ತಿರುಗಿ ಕಣ್ಣು ಬಿಟ್ಟಾಗ ತಮ್ಮ ಚಪ್ಪಲಿ ಬಿಟ್ಟು ಓಡಿದ. ಓಡುತ್ತಲೇ ನಗುತ್ತಿದ್ದ. ಅವನಿಗೆ ಎಲ್ಲವೂ ಗೊತ್ತಿತ್ತು, ಆದರೂ ಓಡಿದ, ಏಕೆಂದರೆ ವೇಷದವನು ಒಂದು ಕ್ಷಣವೂ ‘ನಾನೇ ಕಣೋ’ ಎಂದು ಕಣ್ಣು ಮಿಟುಕಿಸಲಿಲ್ಲ.

ಸ್ಟೇಥಮ್ ಮಾಡುವುದೂ ಅದನ್ನೇ. ಚಿತ್ರದುದ್ದಕ್ಕೂ ಅವರು ಮುಖ ಸಡಿಲಿಸುವುದಿಲ್ಲ, ಶಾರ್ಕಿನ ಮೂತಿಗೆ ಕಾಲು ಕೊಟ್ಟು ತಳ್ಳುವಾಗಲೂ ಬಸ್ಸಿಗೆ ತಡವಾದವನಂತೆ ಗಂಭೀರವಾಗಿರುತ್ತಾರೆ. ಬೈದ ವಿಮರ್ಶಕರಲ್ಲಿ ಹಲವರು ಅವರೊಬ್ಬರನ್ನು ಬೈಯಲಿಲ್ಲ ಎಂಬುದನ್ನು ಗಮನಿಸಿ. ಬೈಗುಳ ಹೆಚ್ಚಾಗಿ ಬಿದ್ದದ್ದು ನಿರ್ದೇಶಕ ಬೆನ್ ವೀಟ್ಲಿಯವರ ಮೇಲೆ. ‘ಕಿಲ್ ಲಿಸ್ಟ್’ನಂಥ ಕಡಿಮೆ ಖರ್ಚಿನ, ಕರಾಳವಾದ ಚಿತ್ರಗಳನ್ನು ಮಾಡಿದವರು ಶಾರ್ಕಿನ ಚಿತ್ರ ಮಾಡುತ್ತಾರೆಂದಾಗ ಎಲ್ಲರೂ ಏನೋ ವಿಲಕ್ಷಣವಾದದ್ದನ್ನು ನಿರೀಕ್ಷಿಸಿದ್ದರು. ಬಂದದ್ದು ಯಾರು ಬೇಕಾದರೂ ಮಾಡಬಹುದಾದ ಚಿತ್ರ ಎಂಬುದು ಅವರ ನಿರಾಶೆ.

ಶರಾವತಿಕೊಳ್ಳ, ಹೊನ್ನಾವರ

ಹೇಳಿದಂತೆ ಮರಳಿ ಬಂದಿದ್ದೇನೆ. ಆ ನಿರೀಕ್ಷೆಯ ಭಾರ ಚಿತ್ರದ ತಪ್ಪಲ್ಲವಲ್ಲ! ಒಳ್ಳೆಯ ಭಾಗವತರು ಒಂದು ರಾತ್ರಿ ಸಾಧಾರಣ ಪ್ರಸಂಗವನ್ನು ಸಾಧಾರಣವಾಗಿ ಹಾಡಿದರೆ ‘ಇವರು ಹಾಡಿದ್ದು ಇಷ್ಟೇಯೇ’ ಎಂದು ಅಡಿಯಿಂದ ಮುಡಿಯವರೆಗೆ ಬೈಯುತ್ತೇವೆ. ಹೊಸಬರೊಬ್ಬರು ಅದನ್ನೇ ಹಾಡಿದರೆ ಬೆನ್ನು ತಟ್ಟುತ್ತೇವೆ. ವೀಟ್ಲಿ ಎಂಬ ಹೆಸರನ್ನು ಮುಚ್ಚಿಟ್ಟು ತೋರಿಸಿದ್ದರೆ ಹತ್ತು ಮತಗಳಾದರೂ ಹೆಚ್ಚು ಬೀಳುತ್ತಿದ್ದವು ಎಂಬುದು ನನ್ನ ಗುಮಾನಿ. ಜೊತೆಗೆ ಎಳೆಯರೂ ಬರಲಿ ಎಂದು ರಕ್ತವನ್ನು ಕಡಿಮೆ ಮಾಡಿದರು. ಅದು ಬಂಡವಾಳ ಹಾಕಿದವರ ನಿರ್ಧಾರ. ಶಾರ್ಕ್ ನುಂಗುತ್ತದೆ, ನೀರು ಕೆಂಪಾಗುವುದೇ ಇಲ್ಲ.

ಸೋಂದಾಕೆರೆ, ಶಿರಸಿ

ರಕ್ತದ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕಾಳಿಸಂಗಮದವರ ಮನೆಯ ಇಬ್ಬರು ಹುಡುಗರು ಸೋಫಾದ ಮೇಲೆ ನಿಂತು ನೋಡಲು ಸಾಧ್ಯವಾದದ್ದು ರಕ್ತ ಕಡಿಮೆ ಇದ್ದುದರಿಂದಲೇ. ಹೆಸರಿನ ಭಾರದ ಮಾತನ್ನು ಒಪ್ಪುತ್ತೇನೆ. ಜೇಮ್ಸ್ ಕ್ಯಾಮರೂನ್ ಕೂಡ ನಿರ್ದೇಶಕರಾಗಿ ಶುರುಮಾಡಿದ್ದು ಹಾರುವ ಪಿರಾನ್ಹಾ ಮೀನುಗಳ ಒಂದು ಎರಡನೆಯ ಭಾಗದಿಂದ. ಆಗ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ನಿರಾಶರಾಗಲಿಲ್ಲ.

ಬನವಾಸಿರಸ್ತೆ, ಶಿರಸಿ

ಹಾರುವ ಮೀನನ್ನು ಕ್ಷಮಿಸಿದವರು ಗಣಿಗಾರಿಕೆಯನ್ನು ಕ್ಷಮಿಸಲಾರರೇ?

ಕಾಳಿಸಂಗಮ, ಕಾರವಾರ

ಹಾರುವ ಮೀನು ಮೀನೇ ತಾನೇ. ಕ್ಷಮಿಸಬಹುದು.

ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆಗೆ ನಾನೇ ಅರ್ಧ ಉತ್ತರ ಕೊಟ್ಟುಕೊಳ್ಳುತ್ತೇನೆ. ವಿಮರ್ಶಕರು ಬೈದದ್ದು ಹುಚ್ಚಾಟವನ್ನಲ್ಲ ಎಂಬುದು ಈಗ ಸ್ಪಷ್ಟ. ಆದರೆ ‘ತಡವಾಯಿತು’ ಎಂದು ನಾನು ಶೀರ್ಷಿಕೆಯಲ್ಲಿ ಹಾಕಿದ್ದೂ ಸರಿಯಲ್ಲ. ಕಡಲಹುಡಿಯವರ ತಂದೆ ಕೇಳಿದ ಹಗ್ಗದ ಪ್ರಶ್ನೆ ಎರಡು ದಿನಗಳಿಂದ ತಲೆಯಲ್ಲಿಯೇ ಇತ್ತು. ನಿನ್ನೆ ರಾತ್ರಿ ಹುಡುಗರು ಮಲಗಿದ ಮೇಲೆ 1975ರ ‘ಜಾಸ್’ ಹಾಕಿಕೊಂಡು ಹಗ್ಗಗಳನ್ನು ಮಾತ್ರ ನೋಡುತ್ತ ಕುಳಿತೆ. ನಗಬೇಡಿ.

ಶಾರ್ಕಿಗೆ ಈಟಿ ಹೊಡೆದಾಗಲೆಲ್ಲ ಅದರ ಹಗ್ಗದ ತುದಿಯಲ್ಲಿ ಹಳದಿ ಪೀಪಾಯಿ ಇರುತ್ತದೆ. ಶಾರ್ಕ್ ಕಾಣದಿದ್ದರೂ ಪೀಪಾಯಿ ಕಾಣುತ್ತದೆ, ಪೀಪಾಯಿ ಮುಳುಗಿದರೆ ಎದೆ ಝಲ್ಲೆನ್ನುತ್ತದೆ. ಅದು ಯಂತ್ರದ ಶಾರ್ಕ್ ಕೆಟ್ಟದ್ದನ್ನು ಮುಚ್ಚಿಹಾಕುವ ಉಪಾಯವೂ ಹೌದು. ಇನ್ನೊಂದು ದೃಶ್ಯದಲ್ಲಿ ಕಡಲಿನ ಅನುಭವವಿಲ್ಲದ ಪೊಲೀಸ್ ಮುಖ್ಯಸ್ಥನು ದೋಣಿಯಲ್ಲಿ ತಪ್ಪು ಹಗ್ಗವನ್ನು ಎಳೆಯುತ್ತಾನೆ, ಗಾಳಿಯ ಸಿಲಿಂಡರುಗಳು ಉರುಳುತ್ತವೆ, ‘ಇವು ಸಿಡಿದರೆ ಗತಿಯೇನು’ ಎಂದು ಜೊತೆಯಲ್ಲಿದ್ದ ವಿಜ್ಞಾನಿ ಗದರುತ್ತಾನೆ. ಕೊನೆಯಲ್ಲಿ ಶಾರ್ಕ್ ಸಾಯುವುದು ಅಂಥದೇ ಒಂದು ಸಿಲಿಂಡರು ಅದರ ಬಾಯಲ್ಲಿ ಸಿಡಿದು. ಗಾಳಿಯ ಸಿಲಿಂಡರು ಹಾಗೆ ಸಿಡಿಯುವುದೇ ಎಂದು ನೇತ್ರಾಣಿಯವರು ಕೇಳಬಹುದು. ಸಿಡಿಯದಿರಬಹುದು. ಆದರೆ ಒಂದು ಗಂಟು ಬಿಚ್ಚಿದ್ದಕ್ಕೂ ಆ ಶಾರ್ಕಿನ ಸಾವಿಗೂ ನಡುವೆ ಹಗ್ಗ ಎಲ್ಲಿಯೂ ಕಡಿದಿಲ್ಲ. ‘ಮೆಗ್ 2’ರಲ್ಲಿ ಹೆಲಿಕಾಪ್ಟರಿನ ರೆಕ್ಕೆ ಸಿಕ್ಕಿದ್ದು ಅದು ಅಲ್ಲಿ ಬಿದ್ದಿತ್ತು ಎಂಬ ಕಾರಣಕ್ಕೆ ಮಾತ್ರ.

ನೇತ್ರಾಣಿ, ಮುರ್ಡೇಶ್ವರ

ಸಿಡಿಯುವುದಿಲ್ಲ. ಆದರೆ ನಾನು ಈ ಸಲ ಕೇಳುತ್ತಿರಲಿಲ್ಲ.

ಶರಾವತಿಕೊಳ್ಳ, ಹೊನ್ನಾವರ

ಈಗ ಪೂರ್ತಿ ಸೋತೆ. ಆದರೂ ಆ ಆಕ್ಟೋಪಸ್ಸನ್ನು ಇನ್ನೊಮ್ಮೆ ನೋಡುವವನೇ.

ಕಡಲಹುಡಿ, ಬೈತಖೋಲ

ಕಾಳಿಸಂಗಮದವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಆಮೇಲೆ ಮೊಬೈಲಿನಲ್ಲಿ ಆ ಪೀಪಾಯಿಯ ಭಾಗವನ್ನು ತೋರಿಸಿದೆ. ಬಲೆಯಿಂದ ಕೈ ತೆಗೆಯದೆ ನೋಡಿದರು. ಪೊಲೀಸನು ತಪ್ಪು ಹಗ್ಗ ಎಳೆದಾಗ ‘ಅಯ್ಯೋ, ಆ ಗಂಟಲ್ಲ!’ ಎಂದು ಪರದೆಗೆ ಹೇಳಿದರು. ಮೂರನೆಯ ಪೀಪಾಯಿಯೂ ಮುಳುಗಿದ ಮೇಲೆ ಸೂಜಿಯನ್ನು ಕೆಳಗಿಟ್ಟು, ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಇನ್ನೂ ಕೊಟ್ಟಿಲ್ಲ, ಇದನ್ನು ತಂಗಿಯ ಫೋನಿನಿಂದ ಬರೆಯುತ್ತಿದ್ದೇನೆ.